ಖೀಮಾ ಮಷಿನ್ ಕೊಳ್ಳುವ ಮುಂಚೆ ಬ್ಲೇಡ್ ನೋಡಿ

ಖೀಮಾ ಮಷಿನ್ ಕೊಳ್ಳೋಕೆ ಹೋದರೆ ಅಂಗಡಿಯವರು ಮೊದಲು ತೋರಿಸುವುದು ಡಬ್ಬಿಯ ಮೇಲಿನ ವ್ಯಾಟ್. ಸಾವಿರ, ಎರಡು ಸಾವಿರ, ಮೂರು ಸಾವಿರ ಅಂತ ಹೇಳುತ್ತಾ ಹೋಗುತ್ತಾರೆ. ನಿಜವಾಗಿ ಮಟನ್ ಕತ್ತರಿಸುವುದು ಒಳಗಿರುವ ಒಂದು ಪುಟ್ಟ ಬ್ಲೇಡ್ ಮತ್ತು ಅದರ ಮುಂದೆ ಕೂರುವ ತೂತಿನ ಬಿಲ್ಲೆ. ಇವೆರಡು ಒಂದಕ್ಕೊಂದು ಸರಿಯಾಗಿ ಕೂತರೆ ಕೈಯಲ್ಲಿ ತಿರುಗಿಸುವ ಮಷಿನ್ನೂ ಚಂದದ ಖೀಮಾ ಕೊಡುತ್ತದೆ. ಕೂರದಿದ್ದರೆ ಮೋಟರ್ ಎಷ್ಟೇ ದೊಡ್ಡದಿರಲಿ, ಮಾಂಸ ಜಜ್ಜಿದ ಹಾಗೆ ಹೊರಗೆ ಬರುತ್ತದೆ.

ಬಳ್ಳಾರಿ, ರಾಯಚೂರು, ಕೊಪ್ಪಳದ ಮನೆಗಳಲ್ಲಿ ಖೀಮಾ ಅಪರೂಪದ್ದೇನಲ್ಲ. ಜೋಳದ ರೊಟ್ಟಿ ಜೊತೆ ಖೀಮಾ ಪಲ್ಯ, ಖೀಮಾ ಉಂಡೆ ಸಾರು, ರಂಜಾನ್ ಸಂಜೆಯ ಖೀಮಾ ಸಮೋಸ, ಶಾಮಿ ಕಬಾಬ್. ಭಾನುವಾರ ಮಟನ್ ಅಂಗಡಿಯಲ್ಲೇ ಖೀಮಾ ಮಾಡಿಸಿಕೊಂಡು ಬರಬಹುದು, ಬಹಳ ಜನ ಹಾಗೇ ಮಾಡುತ್ತಾರೆ. ಆದರೆ ಬೆಳಿಗ್ಗೆಯಿಂದ ಓಡುತ್ತಿರುವ ಅಲ್ಲಿನ ಮಷಿನ್ ಒಳಗೆ ಏನೇನು ಉಳಿದಿದೆ ಅಂತ ಹೊರಗಿನಿಂದ ಕಾಣುವುದಿಲ್ಲ. ಇಡೀ ತುಂಡಾದರೆ ಕ್ರಿಮಿ ಇರುವುದು ಹೆಚ್ಚಾಗಿ ಮೇಲ್ಮೈ ಮೇಲೆ, ಬಿಸಿಗೆ ಬೇಗ ಸಾಯುತ್ತದೆ. ಖೀಮಾ ಮಾಡಿದಾಗ ಮೇಲಿನದೆಲ್ಲ ಒಳಗೆ ಸೇರಿಬಿಡುತ್ತದೆ. ಚಿಕ್ಕ ಮಕ್ಕಳು, ವಯಸ್ಸಾದವರು ಇರುವ ಮನೆಯಲ್ಲಿ ಸ್ವಂತ ಮಷಿನ್ ಇರುವುದು ಒಳ್ಳೆಯದು ಅಂತ ನಾನು ಹೇಳುವುದು ಇದಕ್ಕೇ.

ಒಂದು ಸಲಕ್ಕೆ ಎಷ್ಟು ಕಿಲೋ?

ಮೊದಲು ಲೆಕ್ಕ ಹಾಕಬೇಕಾದದ್ದು ಇದು. ಮಷಿನ್‌ಗಳಿಗೆ ನಂಬರ್ ಇರುತ್ತದೆ. ನಂಬರ್ ಏರಿದಂತೆ ಬಾಯಿಯೂ ಬಿಲ್ಲೆಯೂ ಅಗಲ. ನಂಬರ್ 5ರ ಬಿಲ್ಲೆ ಸುಮಾರು 54 ಮಿ.ಮೀ. ಅಗಲ, ನಂಬರ್ 8 ಸುಮಾರು 62, ನಂಬರ್ 12 ಸುಮಾರು 70, ನಂಬರ್ 22 ಸುಮಾರು 82, ನಂಬರ್ 32 ಸುಮಾರು 100 ಮಿ.ಮೀ.

ಯೂಟ್ಯೂಬ್‌ನಲ್ಲಿ ಹುಡುಕಿದರೆ ಸಿಗುವ ವಿಡಿಯೋಗಳಲ್ಲಿ ಎಷ್ಟೋ ಅಮೆರಿಕದವು, ಅದರಲ್ಲೂ ಜಿಂಕೆ ಮಾಂಸದ್ದು. ಅಲ್ಲಿ ಲೈಸೆನ್ಸ್ ತಗೊಂಡು, ಸೀಸನ್‌ನಲ್ಲಿ ಬೇಟೆಯಾಡುತ್ತಾರೆ. ಒಂದು ಪ್ರಾಣಿಯ ಮಾಂಸವನ್ನೆಲ್ಲ ಒಂದೇ ದಿನ ಅರೆದು ಫ್ರೀಜರ್ ತುಂಬಿಸುತ್ತಾರೆ. ಜಿಂಕೆ ಮಾಂಸದಲ್ಲಿ ನೆಣ ಬಹಳ ಕಮ್ಮಿ, ಅದಕ್ಕೆ ಹಂದಿ ಅಥವಾ ದನದ ಕೊಬ್ಬು ಬೆರೆಸಿ ಅರೆಯುತ್ತಾರೆ. ಅವರು 22, 32 ನಂಬರ್ ಹೊಗಳುವುದು ಆ ಕೆಲಸಕ್ಕೆ. ನಮ್ಮಲ್ಲಿ ಹಾಗಲ್ಲ. ಯಲಬುರ್ಗಾ, ಕುಕನೂರು ಕಡೆ ಹೊಲಗಳಲ್ಲಿ ಕೃಷ್ಣಮೃಗಗಳು ಹಿಂಡು ಹಿಂಡಾಗಿ ಓಡಾಡುತ್ತವೆ, ಬೆಳೆಯನ್ನೂ ತಿನ್ನುತ್ತವೆ, ನಿಜ. ಆದರೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅವನ್ನು ಬೇಟೆಯಾಡುವುದು, ಮಾರುವುದು, ಮಾಂಸ ಮನೆಯಲ್ಲಿಟ್ಟುಕೊಳ್ಳುವುದು ಎಲ್ಲವೂ ಅಪರಾಧ. ಯಾರಾದರೂ ತಂದುಕೊಟ್ಟರೂ ಮುಟ್ಟಬೇಡಿ.

ನಮ್ಮ ಲೆಕ್ಕ ಕುರಿ ಮತ್ತು ಮೇಕೆಯದು. ನಾಲ್ಕೈದು ಜನರ ಮನೆಗೆ ವಾರಕ್ಕೊಮ್ಮೆ ಒಂದು ಕಿಲೋ ಆದರೆ ನಂಬರ್ 8 ಧಾರಾಳ. ಕೂಡು ಕುಟುಂಬ, ಬಕ್ರೀದ್‌ಗೆ ಹತ್ತು ಕಿಲೋ ಮೇಲೆ ಅರೆಯುವ ಮನೆ ಆದರೆ ನಂಬರ್ 12. ಅದಕ್ಕಿಂತ ದೊಡ್ಡದು ಹೋಟೆಲಿನವರಿಗೆ ಬಿಡಿ. ವರ್ಷಕ್ಕೆ ನಾಲ್ಕು ಸಲ ಕಾಲು ಕಿಲೋ ಮಾಡುವವರಿಗೆ ಮಷಿನ್ನೇ ಬೇಡ. ಚಾಪರ್ ಸಾಕು, ಒಂದೆರಡು ಸೆಕೆಂಡ್ ಓಡಿಸಿ ನಿಲ್ಲಿಸಿ ಮಾಡಿದರೆ ಆಯಿತು. ಮಿಕ್ಸಿಗೆ ಮಾತ್ರ ಹಾಕಬೇಡಿ, ತಳದ್ದು ಪೇಸ್ಟ್ ಆಗುತ್ತದೆ, ಮೇಲಿನದು ಹಾಗೇ ಉಳಿಯುತ್ತದೆ.

ಕೈ ಮಷಿನ್ನೋ, ಕರೆಂಟಿಂದೋ?

ಎರಡು ಕಿಲೋವರೆಗೆ ಕೈ ಮಷಿನ್ ಸಾಕು ಅನ್ನುವುದು ನನ್ನ ಅಭಿಪ್ರಾಯ. ಕರೆಂಟ್ ಹೋದರೂ ಕೆಲಸ ನಿಲ್ಲುವುದಿಲ್ಲ, ಸುಟ್ಟುಹೋಗಲು ಮೋಟರ್ ಇಲ್ಲ. ಆದರೆ ಒಂದು ವಿಷಯ ಅಳೆದುಕೊಂಡೇ ಅಂಗಡಿಗೆ ಹೋಗಿ. ಈ ಮಷಿನ್ ಕ್ಲ್ಯಾಂಪ್‌ನಿಂದ ಮೇಜಿನ ಅಂಚಿಗೆ ಬಿಗಿಯುತ್ತದೆ. ನಮ್ಮ ಕಡೆ ಅಡುಗೆ ಕಟ್ಟೆಗಳು ಗ್ರಾನೈಟ್ ಇಲ್ಲವೇ ಕಡಪಾ ಕಲ್ಲಿನವು. ಕೆಲವದರ ಅಂಚು ದಪ್ಪ, ಕೆಲವದಕ್ಕೆ ಕೆಳಗೇ ಗೋಡೆ. ಕ್ಲ್ಯಾಂಪ್ ಹಿಡಿಯೋಕೆ ಜಾಗವೇ ಇರುವುದಿಲ್ಲ. ಗಟ್ಟಿ ಮರದ ಬೆಂಚು ಇದ್ದರೆ ಅದೇ ಒಳ್ಳೆಯದು. ಹೀರಿಕೊಂಡು ಕೂರುವ ರಬ್ಬರ್ ಬುಡದ ಪ್ಲಾಸ್ಟಿಕ್ ಮಷಿನ್‌ಗಳು ಮಟನ್‌ಗೆ ಆಗಿಬರುವುದಿಲ್ಲ. ನಾಲ್ಕು ಸುತ್ತು ತಿರುಗಿಸಿದರೆ ಬುಡ ಏಳುತ್ತದೆ.

ಕರೆಂಟಿನದು ಬೇಕೇಬೇಕು ಅಂದರೆ, ಡಬ್ಬಿಯ ಮೇಲಿನ ದೊಡ್ಡ ಅಂಕಿ ಬಿಟ್ಟು ಮಷಿನ್ ಹಿಂದೆ ಅಥವಾ ಅಡಿಯಲ್ಲಿ ಅಂಟಿಸಿದ ಚೀಟಿ ಓದಿ. ಡಬ್ಬಿಯಲ್ಲಿರುವುದು ಎಷ್ಟೋ ಸಲ ಮೋಟರ್ ಸಿಕ್ಕಿಹಾಕಿಕೊಂಡ ಕ್ಷಣದಲ್ಲಿ ಎಳೆಯುವ ಗರಿಷ್ಠ ಶಕ್ತಿ. ಸದಾ ಓಡುವ ಶಕ್ತಿ ಅದಕ್ಕಿಂತ ಬಹಳ ಕಮ್ಮಿ. ಚೀಟಿಯಲ್ಲಿ 220-240 ವೋಲ್ಟ್, 50 ಹರ್ಟ್ಸ್ ಅಂತ ಇರಬೇಕು. 110 ವೋಲ್ಟಿನ ವಿದೇಶಿ ಮಷಿನ್ ನಮ್ಮ ಪ್ಲಗ್‌ಗೆ ಹಾಕಿದರೆ ಸುಟ್ಟಿತು ಅಂತಲೇ ಲೆಕ್ಕ. ಹಿಂದಕ್ಕೆ ತಿರುಗಿಸುವ ಸ್ವಿಚ್ ಇರಲಿ, ನಾರು ಸಿಕ್ಕಿಕೊಂಡಾಗ ಬೇಕಾಗುತ್ತದೆ. ಎಷ್ಟು ನಿಮಿಷ ಬಿಡದೆ ಓಡಿಸಬಹುದು ಅಂತ ಕೇಳಿ. ಮನೆಯ ಸಣ್ಣ ಇನ್ವರ್ಟರ್ ಮೇಲೆ ಓಡಿಸಲು ಹೋಗಬೇಡಿ.

ಅಂಗಡಿಯಲ್ಲಿ ಬಿಚ್ಚಿಸಿ ನೋಡಿ

ರಾಯಚೂರಿನ ತೀನ್ ಕಂದೀಲ್ ಆಗಲಿ, ಬಳ್ಳಾರಿಯ ಬೆಂಗಳೂರು ರಸ್ತೆ ಆಗಲಿ, ಅಂಗಡಿ ಯಾವುದಾದರೂ ಮಷಿನ್ ಬಿಚ್ಚಿ ತೋರಿಸಿ ಅಂತ ಕೇಳಿ. ಒಳಗಿರುವುದು ಐದೇ ಭಾಗ. ಕೊಳವೆಯಂಥ ಮೈ, ಅದರೊಳಗೆ ಮಾಂಸ ಮುಂದಕ್ಕೆ ತಳ್ಳುವ ದಪ್ಪ ಸ್ಕ್ರೂ, ನಾಲ್ಕು ರೆಕ್ಕೆಯ ಬ್ಲೇಡ್, ತೂತಿನ ಬಿಲ್ಲೆ, ಎಲ್ಲವನ್ನೂ ಬಿಗಿಯುವ ಉಂಗುರ.

ಬ್ಲೇಡ್ ಕೈಗೆ ತಗೊಳ್ಳಿ. ಒಂದು ಬದಿ ಚಪ್ಪಟೆ, ಇನ್ನೊಂದು ಬದಿ ಉಬ್ಬು. ಚಪ್ಪಟೆ ಬದಿಯನ್ನು ಬಿಲ್ಲೆಯ ಮೇಲಿಡಿ. ಎರಡನ್ನೂ ಒತ್ತಿ ಹಿಡಿದು ಕಣ್ಣಿನ ಮಟ್ಟಕ್ಕೆ ಎತ್ತಿ, ಬಾಗಿಲ ಕಡೆ ತಿರುಗಿ ಬೆಳಕಿಗೆ ಹಿಡಿಯಿರಿ. ನಾಲ್ಕು ರೆಕ್ಕೆಗಳಲ್ಲಿ ಯಾವುದರ ಅಡಿಯಲ್ಲೂ ಬೆಳಕಿನ ಗೆರೆ ಕಾಣಬಾರದು. ಕಂಡರೆ ಅಲ್ಲಿ ಮಾಂಸ ಕತ್ತರಿಸುವುದಿಲ್ಲ, ನಾರು ನುಸುಳಿ ಸುತ್ತಿಕೊಳ್ಳುತ್ತದೆ. ಬ್ಲೇಡನ್ನು ಬಿಲ್ಲೆಯ ಮೇಲೆ ನಿಧಾನ ತಿರುಗಿಸಿ. ಒಂದೇ ಸಮನೆ ಸರಿಯಬೇಕು, ಟಕ್ ಟಕ್ ಅಂತ ಕುಣಿಯಬಾರದು. ತೆಳು ತಗಡಿನಿಂದ ಒತ್ತಿ ಮಾಡಿದ ಬ್ಲೇಡ್ ಆದರೆ ಬೇಡ ಅನ್ನಿ. ಈ ಪರೀಕ್ಷೆಗೆ ಒಂದು ನಿಮಿಷವೂ ಬೇಕಿಲ್ಲ. ಬಿಚ್ಚಿ ತೋರಿಸಲ್ಲ ಅಂದ ಅಂಗಡಿಯಿಂದ ಮುಂದಕ್ಕೆ ನಡೆಯಿರಿ.

ಬಿಲ್ಲೆಗಳು ಎಷ್ಟು ಕೊಡುತ್ತಾರೆ ನೋಡಿ. 3, 5 ಮತ್ತು 8 ಮಿ.ಮೀ. ತೂತಿನವು ಸಿಕ್ಕರೆ ಮನೆ ಅಡುಗೆಗೆ ಎಲ್ಲ ಬಂದ ಹಾಗೆ. ಪಲ್ಯಕ್ಕೆ 5, ಕಬಾಬಿಗೆ 3. ಮೊದಲು 8ರಲ್ಲಿ ಹಾಕಿ ಆಮೇಲೆ ಸಣ್ಣದರಲ್ಲಿ ಹಾಕಿದರೆ ಖೀಮಾ ಒಂದೇ ಹದಕ್ಕೆ ಬರುತ್ತದೆ.

ಲೋಹದ ವಿಷಯ ಚಿಕ್ಕದು. ಸ್ಟೇನ್‌ಲೆಸ್ ಸ್ಟೀಲ್ ಆದರೆ ಚಿಂತೆ ಇಲ್ಲ, ಬೆಲೆ ಜಾಸ್ತಿ. ತವರ ಲೇಪಿಸಿದ ಎರಕದ ಕಬ್ಬಿಣ ಗಟ್ಟಿ, ಒದ್ದೆ ಬಿಟ್ಟರೆ ತುಕ್ಕು. ಅಲ್ಯೂಮಿನಿಯಂ ಹಗುರ, ಸೋಡಾ ಹಾಕಿ ತೊಳೆದರೆ ಕಪ್ಪಾಗಿ ಕೈಗೆ ಮಸಿ ಬಿಡುತ್ತದೆ.

ನಮ್ಮ ಬಿಸಿಲಲ್ಲಿ ಅರೆಯುವ ರೀತಿ

ಹೊರಗಿನವರ ಸೂಚನೆಗಳು ನಮಗೆ ಸಾಲದಿರುವುದು ಇಲ್ಲಿ. ಏಪ್ರಿಲ್, ಮೇನಲ್ಲಿ ಬಳ್ಳಾರಿ, ರಾಯಚೂರು 40 ಡಿಗ್ರಿ ದಾಟುತ್ತವೆ. ಜೊತೆಗೆ ನಾವು ತರುವುದು ಆಗಷ್ಟೇ ಕಡಿದ ಮಟನ್, ಮನೆಗೆ ಬಂದಾಗಲೂ ಬೆಚ್ಚಗಿರುತ್ತದೆ. ಬೆಚ್ಚಗಿನ ಮಾಂಸದಲ್ಲಿ ನೆಣ ಮೆತ್ತಗಿರುತ್ತದೆ. ಮಷಿನ್‌ಗೆ ಹಾಕಿದರೆ ಬಿಲ್ಲೆಗೆ ಮೆತ್ತಿಕೊಂಡು ತೂತು ಕಟ್ಟುತ್ತದೆ, ಖೀಮಾ ಕೆಂಪಗೆ ಬಿಡಿಬಿಡಿಯಾಗಿ ಬರುವ ಬದಲು ಬಿಳಚಿಕೊಂಡು ಅಂಟಂಟಾಗುತ್ತದೆ.

ಹಾಗಾಗಿ ತಂದ ಕೂಡಲೇ ಮಾಡಲು ಹೋಗಬೇಡಿ. ತೊಡೆ ಇಲ್ಲವೇ ಭುಜದ ಬೋನ್‌ಲೆಸ್ ತಗೊಳ್ಳಿ. ಮಾಂಸದ ಮೇಲೆ ಹೊಳೆಯುವ ಬಿಳಿ ಪೊರೆ, ಬಿಳಿ ನಾರು ಇರುತ್ತವೆ ಅಲ್ವಾ? ಚೂಪು ಚಾಕುವಿನ ತುದಿ ಅದರ ಅಡಿಗೆ ತೂರಿಸಿ, ಪೊರೆಯನ್ನು ಎಡಗೈಯಿಂದ ಬಿಗಿಯಾಗಿ ಎಳೆಯುತ್ತಾ ಚಾಕು ಸರಿಸಿದರೆ ಪಟ್ಟಿಯಾಗಿ ಬಿಡಿಸಿಕೊಂಡು ಬರುತ್ತದೆ. ಬೇಜಾರಿನ ಕೆಲಸ, ಆದರೂ ಬಿಡಬೇಡಿ. ಬ್ಲೇಡಿಗೆ ಸುತ್ತಿಕೊಳ್ಳುವುದು ಈ ನಾರೇ. ಎಲುಬಿನ ಚೂರು ಒಂದೂ ಇರಬಾರದು. ನೆಣ ಪೂರ್ತಿ ತೆಗೆಯಬೇಡಿ, ಕಿಲೋಗೆ ನೂರು-ನೂರೈವತ್ತು ಗ್ರಾಂ ಇದ್ದರೆ ಖೀಮಾ ಒಣಗುವುದಿಲ್ಲ.

ಬೆರಳಗಲದ ಪಟ್ಟಿಗಳಾಗಿ ಕತ್ತರಿಸಿ ತಟ್ಟೆಯಲ್ಲಿ ಒಂದೇ ಪದರ ಹರಡಿ. ಮೊದಲು ಫ್ರಿಜ್‌ನಲ್ಲಿ ಪೂರ್ತಿ ತಣ್ಣಗಾಗಲಿ, ಆಮೇಲೆ ಅರ್ಧ ಗಂಟೆ ಫ್ರೀಜರ್. ಅಂಚು ಗಟ್ಟಿ, ನಡುವೆ ಒತ್ತಿದರೆ ಸ್ವಲ್ಪ ಮೆತ್ತಗೆ, ಅದೇ ಹದ. ಸ್ಕ್ರೂ, ಬ್ಲೇಡ್, ಬಿಲ್ಲೆಯನ್ನೂ ಫ್ರೀಜರ್‌ನಲ್ಲಿ ಮಾಂಸದ ಪಕ್ಕದಲ್ಲೇ ಇಡಿ. ಜೋಡಿಸುವಾಗ ಬ್ಲೇಡಿನ ಚಪ್ಪಟೆ ಬದಿ ಬಿಲ್ಲೆ ಕಡೆಗೇ ಇರಬೇಕು. ಉಲ್ಟಾ ಹಾಕಿದರೆ ಹೊಸ ಮಷಿನ್ನೂ ಜಜ್ಜುತ್ತದೆ. ಮಾಂಸ ತಳ್ಳಲು ಅದರದೇ ಕೋಲು ಬಳಸಿ. ಬೆರಳು ಹಾಕಲೇಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ನಡುವೆ ಖೀಮಾ ಜಜ್ಜಿದ ಹಾಗೆ ಬರತೊಡಗಿದರೆ ಜೋರು ಮಾಡಬೇಡಿ. ನಿಲ್ಲಿಸಿ, ಪ್ಲಗ್ ತೆಗೆದು, ಬಿಚ್ಚಿ ನಾರು ಬಿಡಿಸಿ ಮತ್ತೆ ಶುರು ಮಾಡಿ.

ಕೊನೆಯಲ್ಲಿ ಒಣ ಬ್ರೆಡ್ಡೋ, ನಿನ್ನೆಯ ರೊಟ್ಟಿ ತುಂಡೋ ಹಾಕಿ ತಿರುಗಿಸಿದರೆ ಒಳಗೆ ಉಳಿದದ್ದು ಹೊರಗೆ ಬರುತ್ತದೆ. ಕೂಡಲೇ ಬಿಚ್ಚಿ ಬಿಸಿನೀರು, ಸೋಪಿನಲ್ಲಿ ತೊಳೆಯಿರಿ. ಬಿಲ್ಲೆಯ ಒಂದೊಂದು ತೂತಿಗೂ ಸಣ್ಣ ಬ್ರಷ್ ಹಾಕಿ. ಒರೆಸಿ ಬಿಸಿಲಿಗಿಡಿ. ಕಬ್ಬಿಣದ್ದಾದರೆ ಅಡುಗೆ ಎಣ್ಣೆ ತೆಳ್ಳಗೆ ಸವರಿಡಿ. ಬ್ಲೇಡ್ ಒಂದೇ ಬಿಲ್ಲೆಯ ಜೊತೆ ಸವೆದು ಹೊಂದಿಕೊಳ್ಳುತ್ತದೆ, ಆದ್ದರಿಂದ ಸಾಧ್ಯವಾದರೆ ಒಂದೊಂದು ಬಿಲ್ಲೆಗೂ ಬೇರೆ ಬ್ಲೇಡ್ ಇಟ್ಟುಕೊಳ್ಳಿ. ಬಿಲ್ಲೆಯ ಯಾವ ಬದಿ ಒಳಗಿತ್ತು ಅಂತ ಗುರುತು ಮಾಡಿ, ಪ್ರತಿ ಸಲ ಅದೇ ಬದಿ ಹಾಕಿ.

ಖೀಮಾ ಹೊರಗಡೆ ಬಿಟ್ಟು ಮಾತಿಗೆ ಕೂರಬೇಡಿ. 32 ಡಿಗ್ರಿ ಮೇಲಿನ ಸೆಕೆಯಲ್ಲಿ ಒಂದು ಗಂಟೆಯೇ ಮಿತಿ. ಫ್ರಿಜ್‌ನಲ್ಲಿ ಒಂದೆರಡು ದಿನ. ಹೆಚ್ಚಿಗೆ ಇದ್ದರೆ ಅರ್ಧರ್ಧ ಕಿಲೋ ಕವರಿಗೆ ಹಾಕಿ, ಗಾಳಿ ಹೊರಗೆ ಹೋಗುವಂತೆ ಚಪ್ಪಟೆಯಾಗಿ ಒತ್ತಿ, ತಾರೀಖು ಬರೆದು ಫ್ರೀಜರ್‌ಗೆ ಹಾಕಿ. ಮೈನಸ್ 18 ಡಿಗ್ರಿಯಲ್ಲಿ ಮೂರ್ನಾಲ್ಕು ತಿಂಗಳು ರುಚಿ ಕೆಡುವುದಿಲ್ಲ. ಕರಗಿಸುವಾಗ ಹಿಂದಿನ ರಾತ್ರಿಯೇ ಕೆಳಗಿನ ಫ್ರಿಜ್‌ಗೆ ಇಳಿಸಿಡಿ.