ಆಸ್ಕಿಗೆ ಹೊರಟವರೇ, ಗೊಂಬೆಯ ಜೊತೆ ಮಾತಾಡಿ

ಇಂಗ್ಲೆಂಡಿಗೆ ಬಂದಿಳಿದ ನಮ್ಮ ನರ್ಸ್‌ಗಳು ಮೊದಲು ಕೇಳುವುದೇ, "ಅಕ್ಕಾ, ಆಸ್ಕಿಗೆ ಏನು ಓದ್ಲಿ?" ಆಸ್ಕಿ ಅಂದ್ರೆ ಇಲ್ಲಿ ನರ್ಸ್ ಆಗಿ ನೋಂದಾಯಿಸಿಕೊಳ್ಳಲು ಕೊಡಬೇಕಾದ ಪ್ರಾಯೋಗಿಕ ಪರೀಕ್ಷೆ. ಓದೋದು ಅದಕ್ಕೂ ಮುಂಚಿನ ಕಂಪ್ಯೂಟರ್ ಪರೀಕ್ಷೆ ಸಿಬಿಟಿಗೇ ಮುಗಿಯಿತು ಕಣ್ರೀ. ನರ್ಸ್‌ಗಳನ್ನು ನೋಂದಾಯಿಸುವ ಸಂಸ್ಥೆ ಎನ್‌ಎಂಸಿಯವರ ಈ ಪರೀಕ್ಷೆಯಲ್ಲಿ 10 ಸ್ಟೇಷನ್, ಅಂದರೆ ಒಂದೊಂದು ಕೆಲಸಕ್ಕೆ ಒಂದೊಂದು ಹಂತ. ಸ್ವಲ್ಪ ಬರೆಯುವುದು, ಮಿಕ್ಕಿದ್ದೆಲ್ಲ ಮಾಡಿ ತೋರಿಸುವುದು. ಫಾರಂ, ಫೀಸು ಸಾಮಾನ್ಯವಾಗಿ ಕೆಲಸ ಕೊಟ್ಟ ಆಸ್ಪತ್ರೆಯ ಟ್ರಸ್ಟ್‌ನವರೇ ನೋಡಿಕೊಳ್ಳುತ್ತಾರೆ, ಬಿಡಿ.

ನಮ್ಮವರ ಕೈ ಚುರುಕು. ಬಾಯಿ ಮಾತ್ರ ಬಿಡುವುದಿಲ್ಲ. ಊರಲ್ಲಿ ವಾರ್ಡ್ ತುಂಬಾ ಪೇಶೆಂಟು, ಮಾತಿಗೆ ಪುರುಸೊತ್ತೆಲ್ಲಿ? "ಕೈ ಕೊಡಿ ಅಜ್ಜಿ" ಅಂದು ಬಿಪಿ ಪಟ್ಟಿ ಸುತ್ತಿದರೆ ಆಯಿತು. ಇಲ್ಲಿ ಮೊದಲು ನಿಮ್ಮ ಹೆಸರು ಹೇಳಿ. ಅವರ ಹೆಸರು, ಹುಟ್ಟಿದ ದಿನ ಅವರ ಬಾಯಿಂದಲೇ ಕೇಳಿ, ಕೈಪಟ್ಟಿಗೆ ತಾಳೆ ನೋಡಿ. ಅಲರ್ಜಿ ಕೇಳಿ. ಏನು ಮಾಡ್ತೀರಿ ಅಂತ ಹೇಳಿ, ಒಪ್ಪಿದ ಮೇಲೆ ಮುಟ್ಟಿ. ಮಂಚದ ಮೇಲೆ ಪೇಶೆಂಟಿನ ಬದಲು ಗೊಂಬೆ ಮಲಗಿದ್ದರೂ ಅಷ್ಟೇ. ನಾಚಿಕೊಂಡು ಗೊಣಗಿದರೆ ಪರೀಕ್ಷಕರ ಕಿವಿಗೂ ಬೀಳುವುದಿಲ್ಲ, ಅಂಕವೂ ಬೀಳುವುದಿಲ್ಲ.

ಇನ್ನು ಉಸಿರಾಟ. ಕಣ್ಣಂದಾಜಲ್ಲಿ ಎಲ್ಲರಿಗೂ ನಿಮಿಷಕ್ಕೆ 20 ಅಂತ ಬರೆಯುವ ಚಾಳಿ ನಮಗಿದೆ, ಸುಮ್ನೆ ಇಲ್ಲ ಅನ್ನಬೇಡಿ. ಪೇಶೆಂಟಿನ ಸ್ಥಿತಿ ಹದಗೆಡುತ್ತಿದೆಯೇ ಅಂತ ಅಂಕ ಹಾಕಿ ನೋಡುವ ನ್ಯೂಸ್ 2 ಚಾರ್ಟಿನಲ್ಲಿ 20ಕ್ಕೆ ಸೊನ್ನೆ, 21ಕ್ಕೆ 2. ನಾಡಿ, ಬಿಪಿ ಎಲ್ಲದರ ಅಂಕ ಸೇರಿ ಒಟ್ಟು 5 ಮುಟ್ಟಿದರೆ ತುರ್ತಾಗಿ ಡಾಕ್ಟರನ್ನು ಕರೆಸಬೇಕು. ಹಾಗಾಗಿ ಪೂರ್ತಿ ಒಂದು ನಿಮಿಷ ಎಣಿಸಿ. ನಾಡಿ ನೋಡುವವರಂತೆ ಮಣಿಕಟ್ಟು ಹಿಡಿದೇ ಎದೆ ಏರಿಳಿಯುವುದನ್ನು ಗಮನಿಸಿ. ಎಣಿಸುತ್ತಿದ್ದೀರಿ ಅಂತ ಗೊತ್ತಾದರೆ ಪೇಶೆಂಟಿನ ಉಸಿರೇ ಬದಲಾಗುತ್ತದೆ. ತಪ್ಪು ಬರೆದರೆ ಒಂದೇ ಗೆರೆ ಎಳೆದು ಸಹಿ ಹಾಕಿ.

ಮೊಣಕೈ ಕೆಳಗೆ ವಾಚು, ಬಳೆ ಇರಬಾರದು. ಅವನ್ನೇನೋ ಕಳಚಬಹುದು. ಕಷ್ಟ ಆ ಕೆಂಪು ದಾರದ್ದು. ವಿಮಾನ ಹತ್ತುವ ಮುಂಚೆ ಅಮ್ಮ ದೇವಸ್ಥಾನದಿಂದ ತಂದು ಕಟ್ಟಿರುತ್ತಾರೆ. ಪರೀಕ್ಷೆಯ ಹಿಂದಿನ ರಾತ್ರಿ ಕತ್ತರಿ ಹಿಡಿದು ಅತ್ತವರನ್ನು ನೋಡಿದ್ದೇನೆ. ಬಿಚ್ಚಿ ಪರ್ಸಿನಲ್ಲಿಟ್ಟುಕೊಳ್ಳಿ, ದೇವರೇನೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಕೇಳಿ ಮುಟ್ಟುವ ಈ ಅಭ್ಯಾಸ ಮನೆಗೂ ಬರುತ್ತದೆ. ಜ್ವರ ಬಂದ ಮಗಳಿಗೂ "ಹಣೆ ನೋಡ್ಲಾ ಪುಟ್ಟಾ?" ಅಂತೀನಿ. ಇಲ್ಲೇ ಹುಟ್ಟಿದವಳು, ಅವಳಿಗೆ ಅದೇ ಸಹಜ. ರಜೆಗೆ ಊರಿಗೆ ಹೋದಾಗ ಅಜ್ಜಿ ಕೇಳದೇ ನೆತ್ತಿಗೆ ಹರಳೆಣ್ಣೆ ತಟ್ಟಿದರು. ಹುಡುಗಿ ಹಾರಿಬಿದ್ದಳು. ಅಜ್ಜಿಗೆ, ಅಂದರೆ ನನ್ನಮ್ಮನಿಗೆ, ಅವಮಾನವಾಯಿತು. ಯಾರಿಗೆ ಬುದ್ಧಿ ಹೇಳಲಿ? ಇಬ್ಬರದೂ ಸರಿಯೇ ಅಲ್ವಾ?

ಫೇಲಾದರೆ ಕಂಗಾಲಾಗಬೇಡಿ, ಒಂದು ಅರ್ಜಿಗೆ ಒಟ್ಟು 3 ಅವಕಾಶ ಇದೆ. ಪರೀಕ್ಷೆ ಯಾವತ್ತು ಅಂತ ಮಾತ್ರ ಊರಲ್ಲಿ ಯಾರಿಗೂ ಹೇಳಬೇಡಿ. ನೀವು ಬಸ್ ಹತ್ತುವಷ್ಟರಲ್ಲಿ ಚಿಕ್ಕಮ್ಮಂದಿರ ಫೋನ್ ಶುರುವಾಗಿರುತ್ತದೆ.