ದೋಣಿ ಹತ್ತುವ ಮುನ್ನವೇ ಪೌಚ್ ಮುಚ್ಚಿ

ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ಬೋಟಿರಲಿ, ಸಾಲಿಗ್ರಾಮದ ಹಿನ್ನೀರಿನ ಕಯಾಕ್ ಇರಲಿ, ಕಡಲಿಗಿಳಿದ ಪುಟ್ಟ ಹಾಯಿದೋಣಿಯೇ ಇರಲಿ, ಮೊಬೈಲ್ ಹಾಳಾಗುವ ಬಗೆ ಹೆಚ್ಚುಕಡಿಮೆ ಒಂದೇ. ನೀರು ಸೇರದಂತೆ ಫೋನ್ ಇಡುವ ಪೌಚ್ ಇರುತ್ತದೆ, ಸರಿಯಾಗಿ ಮುಚ್ಚಿರುವುದಿಲ್ಲ. ಇಲ್ಲವೇ ಸರಿಯಾಗಿ ಮುಚ್ಚಿದ್ದನ್ನು ಒಂದು ಫೋಟೊಗೆಂದು ನಡುನೀರಿನಲ್ಲಿ ಒದ್ದೆ ಕೈಯಿಂದಲೇ ತೆರೆದಿರುತ್ತಾರೆ.

‘ನನ್ನ ಫೋನ್ ಐಪಿ68, ಪೌಚ್ ಯಾಕೆ?’ ಎನ್ನುವವರು ಒಂದು ಮಾತು ತಿಳಿದಿರಬೇಕು. ಐಪಿ ಎಂಬುದು ಫೋನ್ ಧೂಳು, ನೀರನ್ನು ಎಷ್ಟು ತಡೆಯುತ್ತದೆಂದು ಹೇಳುವ ದರ್ಜೆ. ಐಪಿ67 ಎಂದರೆ 1 ಮೀಟರ್ ಆಳದಲ್ಲಿ 30 ನಿಮಿಷ. ಐಪಿ68ರಲ್ಲಿ ಆಳವೂ ಹೊತ್ತೂ ತಯಾರಕರು ಹೇಳಿದಷ್ಟು. ಎರಡೂ ಪರೀಕ್ಷೆ ನಡೆಯುವುದು ಅಲುಗಾಡದ ಸಿಹಿನೀರಿನಲ್ಲಿ, ಹೊಸ ಫೋನಿನ ಮೇಲೆ. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿದೆ. ನೀರು ಆರಿಹೋದರೂ ಉಪ್ಪು ಚಾರ್ಜಿಂಗ್ ಪಿನ್ನುಗಳ ಮೇಲೆ ಕೂತು, ಗಾಳಿಯ ತೇವ ಹೀರುತ್ತಾ ತುಕ್ಕು ಹಿಡಿಸುತ್ತದೆ. ಕೆಳಗೆ ಬಿದ್ದ, ಸ್ಕ್ರೀನ್ ಬದಲಿಸಿದ ಫೋನಿನಲ್ಲಿ ಒಳಗಿನ ಅಂಟಿನ ಸೀಲ್ ಮೊದಲಿನಂತೆ ಉಳಿದಿರುತ್ತದೆಂಬ ನಂಬಿಕೆ ಬೇಡ. ನೀರಿನಿಂದಾದ ಹಾನಿಗೆ ಸಾಮಾನ್ಯವಾಗಿ ವಾರಂಟಿಯೂ ಸಿಗುವುದಿಲ್ಲ.

ಪೌಚ್ ಕೊಳ್ಳುವಾಗ ಟಿಪಿಯು ಎಂಬ ಬಾಗುವ ಪ್ಲಾಸ್ಟಿಕ್ ಹಾಳೆಯದ್ದು, ಬಾಯಿಗೆ ಗಟ್ಟಿ ಕ್ಲಿಪ್ ಇರುವುದನ್ನೇ ಆರಿಸಿ. ಅಗ್ಗದ ಪಿವಿಸಿ ಪೌಚ್ ಬಿಸಿಲಿಗೆ ಬಿರುಸಾಗಿ ಮಡಿಕೆಯಲ್ಲೇ ಸೀಳುತ್ತದೆ. ದಾರ ಪೋಣಿಸುವ ತೂತು ಸೀಲಿನ ಹೊರಗಿರಬೇಕು. ಫೋನ್ ಹಾಕಿದ ಮೇಲೂ ಬಾಯಿಯ ಹತ್ತಿರ ಎರಡು ಬೆರಳಿನಷ್ಟು ಜಾಗ ಉಳಿಯಬೇಕು, ತುರುಕಿ ತುಂಬಿದ ಪೌಚಿನ ಸೀಲ್ ಮೂಲೆಯಲ್ಲಿ ಬಾಯಿ ಬಿಡುತ್ತದೆ. ಅಡುಗೆಮನೆಯ ಜಿಪ್ ಕವರ್ ತುಂತುರಿಗೆ ಸಾಕು, ಮುಳುಗಿದರೆ ಸಾಲದು. ಬೇರೆ ದಾರಿಯೇ ಇಲ್ಲದಿದ್ದರೆ ಎರಡು ಕವರ್ ಬಳಸಿ, ಒಳಗಿನದನ್ನು ತಲೆಕೆಳಗು ಮಾಡಿ ಹೊರಗಿನದರಲ್ಲಿಡಿ.

ಹೊರಡುವ ಹಿಂದಿನ ದಿನ ಬಕೆಟ್ ಪರೀಕ್ಷೆ. ಪೌಚಿನೊಳಗೆ ಒಣ ಟಿಶ್ಯೂ ಪೇಪರ್ ಮಾತ್ರ ಹಾಕಿ ಮುಚ್ಚಿ, ಮೇಲೆ ಭಾರವಿಟ್ಟು 30 ನಿಮಿಷ ಮುಳುಗಿಸಿಡಿ. ಹೊರಗೆಲ್ಲ ಒರೆಸಿಯೇ ತೆರೆಯಿರಿ. ಇಲ್ಲದಿದ್ದರೆ ಬಾಯಿಯ ಹನಿ ಒಳಗೆ ಬಿದ್ದು ಒಳ್ಳೆಯ ಪೌಚಿಗೂ ಕೆಟ್ಟ ಹೆಸರು. ಟಿಶ್ಯೂವಿನ ಒಂದು ಮೂಲೆ ಒದ್ದೆಯಾಗಿದ್ದರೂ ಆ ಪೌಚ್ ಬೇಡ. ಕಳೆದ ವರ್ಷ ಪಾಸಾದದ್ದು ಈ ವರ್ಷಕ್ಕೆ ಲೆಕ್ಕವಿಲ್ಲ, ಪ್ರತಿ ಪ್ರವಾಸಕ್ಕೂ ಹೊಸದಾಗಿ ಪರೀಕ್ಷಿಸಿ.

ಇನ್ನು ಮುಚ್ಚುವುದು. ಇಲ್ಲಿ ಅವಸರ ಸಲ್ಲದು. ಮರಳಿನ ಮೇಲೆ ನಿಂತು ಈ ಕೆಲಸ ಮಾಡಬೇಡಿ. ಮನೆಯಲ್ಲೋ ಕಾರಿನಲ್ಲೋ, ಒಣ ಕೈಯಿಂದ ಮಾಡಿ. ಒಂದೇ ಒಂದು ಮರಳ ಕಣ, ಒಂದೇ ಒಂದು ತಲೆಗೂದಲು ಸೀಲಿನ ನಡುವೆ ಸಿಕ್ಕರೂ ನೀರಿಗೆ ಅಷ್ಟು ದಾರಿ ಸಾಕು. ಸೀಲಿನ ಎರಡೂ ತುಟಿಗಳನ್ನು ಒಣ ಹತ್ತಿ ಬಟ್ಟೆಯಿಂದ ಒರೆಸಿ, ಬೆಳಕಿಗೆ ಹಿಡಿದು ನೋಡಿ. ಕಾರಿನ ಎಸಿ ಆರಿಸಿ, ತಣ್ಣಗಿನ ಫೋನ್ ಹೊರಗಿನ ಬಿಸಿಗೆ ಹೊಂದಿಕೊಳ್ಳಲು ಹತ್ತು ನಿಮಿಷ ಬಿಡಿ. ತಣ್ಣಗಿರುವಾಗಲೇ ಕರಾವಳಿಯ ತೇವದ ಗಾಳಿಯೊಂದಿಗೆ ಮುಚ್ಚಿದರೆ ಒಳಗೇ ಮಂಜು ಕಟ್ಟಿ ಕ್ಯಾಮೆರಾ ಮಸುಕಾಗುತ್ತದೆ. ತೇವ ಹೀರುವ ಒಂದು ಚಿಕ್ಕ ಸಿಲಿಕಾ ಜೆಲ್ ಪೊಟ್ಟಣವೂ ಜೊತೆಗಿರಲಿ. ಬೆರಳಚ್ಚು ಪೌಚಿನ ಮೇಲಿಂದ ಕೈಕೊಡುವುದೇ ಹೆಚ್ಚು, ಹಾಗಾಗಿ ಪಿನ್ ಸಂಖ್ಯೆ ಹಾಕಿ ತೆರೆಯುವುದನ್ನು ಮೊದಲೇ ಅಭ್ಯಾಸ ಮಾಡಿ. ಟಚ್ ಒದ್ದೆಯಾದಾಗ ಮಾತು ಕೇಳದು, ಫೋಟೊಗೆ ವಾಲ್ಯೂಮ್ ಬಟನ್ ಬಳಸಿ. ಈಗ ಪೌಚಿನ ಬಾಯನ್ನು ಸಮತಟ್ಟಾಗಿ ಎಳೆದು, ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಹೆಬ್ಬೆರಳಿನಿಂದ ಒತ್ತುತ್ತಾ ಬನ್ನಿ. ಸುಕ್ಕು ಕಂಡರೆ ಬಿಚ್ಚಿ ಮೊದಲಿನಿಂದ. ಕ್ಲಿಪ್‌ಗಳು ಟಕ್ ಎಂದು ಕೂರಬೇಕು. ಕೊನೆಗೆ ಪೌಚನ್ನು ಕೆನ್ನೆಯ ಹತ್ತಿರ ಹಿಡಿದು ಮೆಲ್ಲಗೆ ಹಿಂಡಿ: ಗಾಳಿ ಸೋರಿದರೆ ಕೆನ್ನೆಗೆ ತಾಕುತ್ತದೆ. ಇಷ್ಟಾದ ಮೇಲೆ ದಡಕ್ಕೆ ಮರಳಿ ಕೈ ಒಣಗುವವರೆಗೂ ತೆರೆಯಬೇಡಿ. ಚಿಲ್ಲರೆ ನೋಟುಗಳು ಬೇರೆ ಕವರಿನಲ್ಲಿರಲಿ, ಎಳನೀರಿಗೆ ಯುಪಿಐ ಮಾಡಲೆಂದು ಪೌಚ್ ಬಿಚ್ಚುವಂತಾಗಬಾರದು.

ಗಾಳಿಯನ್ನೆಲ್ಲ ಹಿಂಡಿ ತೆಗೆದವರ ಫೋನ್ ತಳ ಸೇರುತ್ತದೆ. 200 ಗ್ರಾಂ ತೂಕದ ಫೋನ್ ಸುಮಾರು 100 ಮಿಲಿ ಜಾಗ ತುಂಬುತ್ತದೆ. 200 ಗ್ರಾಂ ತೇಲಬೇಕೆಂದರೆ ಸುಮಾರು 200 ಮಿಲಿ ನೀರನ್ನು ಪಕ್ಕಕ್ಕೆ ಸರಿಸಬೇಕು, ಮಿಕ್ಕ 100 ಮಿಲಿಯನ್ನು ಗಾಳಿ ಕೊಡಬೇಕು. ಪೌಚ್, ದಾರದ ತೂಕವೂ ಸೇರಿ 150 ಮಿಲಿ ಗಾಳಿ ಇರಲಿ. ಬಟ್ಟೆಯಲ್ಲಿ ಸುತ್ತಿದ 200 ಗ್ರಾಂ ಕಲ್ಲನ್ನು ಫೋನಿನ ಬದಲು ಹಾಕಿ ಬಕೆಟ್ಟಿನಲ್ಲಿ ನೋಡಿ. ಕಲ್ಲು ತೇಲಿದರೆ ಫೋನೂ ತೇಲುತ್ತದೆ.

ದಾರವನ್ನು ಕುತ್ತಿಗೆಗೆ ಹಾಕಿಕೊಳ್ಳಲೇಬೇಡಿ. ಹಾಯಿಯ ಹಗ್ಗಕ್ಕೋ ಕೊಕ್ಕೆಗೋ ಸಿಕ್ಕಿದರೆ ಜೀವಕ್ಕೇ ಅಪಾಯ. ದೋಣಿಗೂ ಕಟ್ಟಬೇಡಿ: ದೋಣಿ ಮಗುಚಿದರೆ ನೀವೊಂದು ಕಡೆ, ಫೋನೊಂದು ಕಡೆ. ಪುಟ್ಟ ಕ್ಯಾರಬೀನರ್‌ನಿಂದ (ಸ್ಪ್ರಿಂಗ್ ಬಾಯಿಯ ಲೋಹದ ಕೊಂಡಿ) ಲೈಫ್ ಜಾಕೆಟ್ಟಿನ ಪಟ್ಟಿಗೆ ಸಿಕ್ಕಿಸಿ. ಕೋಸ್ಟ್ ಗಾರ್ಡಿನ 1554, ತುರ್ತಿನ 112 ಎರಡನ್ನೂ ಸೇವ್ ಮಾಡಿಡಿ. ದಡದಿಂದ ದೂರ ಹೋದಂತೆ ಸಿಗ್ನಲ್ ಸಿಗದು, ಆದ್ದರಿಂದ ಹೊರಕಡಲಿಗೆ ಫೋನನ್ನೊಂದೇ ನಂಬಿ ಹೋಗಬೇಡಿ. ಎರಡನೆಯ ಫೋನು, ಕಾರಿನ ಕೀಲಿಗಳಿಗೆ 5 ಲೀಟರಿನ ಡ್ರೈ ಬ್ಯಾಗ್, ಅಂದರೆ ಬಾಯಿ ಸುತ್ತಿ ಮುಚ್ಚುವ ನೀರುತಡೆ ಚೀಲ, ಒಳ್ಳೆಯದು. ಬಾಯಿಯನ್ನು ಕನಿಷ್ಠ ಮೂರು ಸುತ್ತು ಸುರುಳಿ ಸುತ್ತಿ ಕ್ಲಿಪ್ ಹಾಕಿ. ಅದು ಹೆಚ್ಚು ಹೊತ್ತು ಮುಳುಗಿರಲು ಮಾಡಿದ್ದಲ್ಲ, ಹಾಗಾಗಿ ಅದರೊಳಗೂ ಫೋನ್ ಪೌಚಿನಲ್ಲೇ ಇರಲಿ. ಬಳಸದಾಗ ಪೌಚನ್ನು ನೆರಳಿನಲ್ಲಿಡಿ, ಬಿಸಿಲಿನಲ್ಲಿ ಒಳಗೆ ಒಲೆಯಂತಾಗಿ ಫೋನ್ ತಾನಾಗಿ ಆಫ್ ಆಗುವುದುಂಟು.

ಇಷ್ಟೆಲ್ಲ ಮಾಡಿಯೂ ಉಪ್ಪುನೀರು ತಾಗಿದರೆ ಮೊದಲು ಸ್ವಿಚ್ ಆಫ್ ಮಾಡಿ. ‘ಕೆಲಸ ಮಾಡುತ್ತದಾ ನೋಡೋಣ’ ಎಂದು ಆನ್ ಮಾಡುವುದೇ ಒಳಗಿನ ಸರ್ಕ್ಯೂಟ್ ಬೋರ್ಡನ್ನು ಸುಡುತ್ತದೆ. ಐಪಿ67, 68 ಫೋನಾದರೆ ಸಿಮ್ ಟ್ರೇ ಮುಚ್ಚಿದ್ದಂತೆಯೇ ಬಾಟಲಿಯ ಕುಡಿಯುವ ನೀರನ್ನು ಮೆಲ್ಲಗೆ ಸುರಿದು ಉಪ್ಪು ತೊಳೆಯಿರಿ. ಒರೆಸಿ, ಚಾರ್ಜಿಂಗ್ ತೂತು ಕೆಳಗಾಗಿಸಿ ಅಂಗೈಗೆ ತಟ್ಟಿ, ಫ್ಯಾನಿನ ಕೆಳಗಿಡಿ. ಒಳಗೆ ತೇವ ಇರುವವರೆಗೂ ಚಾರ್ಜರ್ ಚುಚ್ಚಬೇಡಿ. ಹೇರ್ ಡ್ರೈಯರ್ ಬೇಡ. ಅಕ್ಕಿ ಡಬ್ಬವೂ ಬೇಡ: ಅದರ ಪುಡಿ ತೂತಿಗೆ ಸೇರುತ್ತದೆಯೇ ಹೊರತು ಉಪ್ಪು ಹೊರಬರುವುದಿಲ್ಲ. ಐಪಿ ದರ್ಜೆ ಇಲ್ಲದ ಫೋನಾದರೆ ಮೇಲೆ ನೀರು ಸುರಿಯದೆ, ಆಫ್ ಮಾಡಿ, ಸಿಮ್ ಟ್ರೇ ತೆಗೆದು, ಅದೇ ದಿನ ರಿಪೇರಿಯವರಿಗೆ ಕೊಡಿ. ಬಿದ್ದದ್ದು ಕಡಲ ನೀರಿಗೆ ಎಂದು ಅವರಿಗೆ ಮುಚ್ಚಿಡದೆ ಹೇಳಿ. ಆಗ ಬರೀ ಒಣಗಿಸಿ ಕೊಡದೆ, ಬೋರ್ಡನ್ನು ಹೊರತೆಗೆದು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಬ್ರಶ್ ಹಾಕಿ ತೊಳೆಯುತ್ತಾರೆ.