ಹಳೇ ಡ್ರಿಲ್, ಅಗ್ಗದ ಕಟರ್, ಸಾವಿರ ಕೇಸು

ಹಾರಿಸಿದ ತೋಟಾದ ಖಾಲಿ ಹಿತ್ತಾಳೆ ಕವಚ, ಅಂದರೆ ಕೇಸು, ಸಾವಿರವನ್ನೂ ಈ ಕೈ ಕಟರ್‌ನಲ್ಲೇ ಟ್ರಿಮ್ ಮಾಡುತ್ತೇನೆ (ಬಾಯಿ ಕಡಿದು ಸರಿಯುದ್ದಕ್ಕೆ ತರುತ್ತೇನೆ) ಅಂದಾಗ ಶೂಟಿಂಗ್ ರೇಂಜ್‌ನಲ್ಲಿ ಎಲ್ಲರೂ ನಕ್ಕಿದ್ದರು. "ಐನೂರು ಡಾಲರ್ ಬಿಚ್ಚು ಮಾರಾಯ, ಮೋಟಾರ್ ಟ್ರಿಮ್ಮರ್ ತಗೋ" ಅಂದ ನಮ್ಮ ಕಡೆಯ ಗೆಳೆಯನೊಬ್ಬ. ಹೋದ ತಿಂಗಳು ಸಾವಿರ ದಾಟಿತು.

ಡಲ್ಲಾಸ್ ಹತ್ತಿರ ನಮ್ಮ ಮನೆ, ಗ್ಯಾರೇಜೇ ನನ್ನ ಕಾರ್ಖಾನೆ. ಊರಲ್ಲಾದರೆ ಲೈಸೆನ್ಸ್ ಇಲ್ಲದೆ ಇದಕ್ಕೆಲ್ಲ ಕೈ ಹಾಕುವ ಹಾಗಿಲ್ಲ. ಇಲ್ಲಿ ರೀಲೋಡಿಂಗ್, ಅಂದರೆ ಖಾಲಿ ಕೇಸಿಗೆ ಮತ್ತೆ ಮದ್ದುಗುಂಡು ತುಂಬುವುದು, ಮೀನು ಹಿಡಿಯುವ ಹಾಗೆ ಒಂದು ಹವ್ಯಾಸ. 2020ರಲ್ಲಿ ಅಂಗಡಿಯಲ್ಲಿ ತೋಟಾನೇ ಸಿಗದೆ ಹೋದಾಗ ಶುರು ಮಾಡಿದೆ. ನನ್ನದು .223 ಅಳತೆಯ ರೈಫಲ್ ತೋಟಾ, ಹೆಚ್ಚಿನ ಕೇಸುಗಳು ಎಲ್‌ಸಿ (ಲೇಕ್ ಸಿಟಿ ಕಾರ್ಖಾನೆ) ಮುದ್ರೆಯ ಮಿಲಿಟರಿ ಹಿತ್ತಾಳೆ.

ಮೊದಲು ದುಡ್ಡು ಕಳೆದ ಕಥೆ. ಕೇಸಿನ ಭುಜಕ್ಕೆ (ಕತ್ತಿನ ಕೆಳಗಿನ ಇಳಿಜಾರಿಗೆ) ತಾಗಿ ನಿಲ್ಲುವ ಟ್ರಿಮ್ಮರ್ ಒಂದನ್ನು ಕೊಂಡಿದ್ದೆ, ಎಪ್ಪತ್ತೋ ಎಂಬತ್ತೋ ಡಾಲರ್. ಒಳಗೆ ಹಿತ್ತಾಳೆ ಚೂರು ಸೇರಿಕೊಂಡು ಉದ್ದ ಒಂದೊಂದು ಸಲ ಒಂದೊಂದು ಥರ ಬರುತ್ತಿತ್ತು. ಹತ್ತು ಕೇಸಿಗೊಮ್ಮೆ ಊದಿ ಊದಿ ಸಾಕಾಗಿ ಅರ್ಧ ಬೆಲೆಗೆ ಮಾರಿದೆ. ಅದಕ್ಕಿಂತ ದೊಡ್ಡ ದಡ್ಡತನ ಇನ್ನೊಂದು. ಅವಸರದಲ್ಲಿ ಇನ್ನೂರು ಕೇಸನ್ನು ಸೈಜ್ ಮಾಡುವ (ಡೈ ಅನ್ನುವ ಅಚ್ಚಿಗೆ ಒತ್ತಿ ಮೊದಲಿನ ಅಳತೆಗೆ ತರುವ) ಮೊದಲೇ ಟ್ರಿಮ್ ಮಾಡಿಟ್ಟೆ. ಡೈಯಿಂದ ಹೊರಬಂದಾಗ ಬಹಳಷ್ಟು ಮತ್ತೆ ಉದ್ದವಾಗಿ 1.760 ಇಂಚಿನ ಮಿತಿ ದಾಟಿದ್ದವು. ಎರಡು ಸಂಜೆ ನೀರಲ್ಲಿ ಹೋಮ.

ಕೊನೆಗೆ ಉಳಿದದ್ದು ಲೀ ಕಂಪನಿಯ ಕಟರ್, ಉದ್ದ ನಿಗದಿ ಮಾಡುವ ಗೇಜ್ ಪಿನ್, ಕೇಸನ್ನು ಹಿಡಿದಿಡುವ ಲಾಕ್ ಸ್ಟಡ್. ಎಲ್ಲ ಸೇರಿ ಇಪ್ಪತ್ತು ಡಾಲರ್ ಆಸುಪಾಸು. ಸ್ಟಡ್ ಹಳೇ ಡ್ರಿಲ್ಲಿಗೆ, ಡ್ರಿಲ್ ಬೆಂಚಿನ ವೈಸಿಗೆ. ಕೇಸ್ ತಿರುಗುತ್ತದೆ, ಕಟರ್ ನನ್ನ ಕೈಯಲ್ಲಿ. ಪಿನ್ ತಳಕ್ಕೆ ತಾಗಿದ ಮೇಲೆ ಜಾಸ್ತಿ ಒತ್ತಿದರೂ ಕಡಿಯುವುದಿಲ್ಲ. ಇದರ ಮಜಾ ಏನೆಂದರೆ, ಕೇಸನ್ನು ಬಿಚ್ಚದೆ ಅಲ್ಲೇ ಒಳಬಾಯಿ, ಹೊರಬಾಯಿ ಎರಡನ್ನೂ ಕೆರೆದು, ಸ್ಟೀಲ್ ಉಣ್ಣೆ ಒಂದು ಸುತ್ತು ಹಿಡಿದರೆ ಮುಗಿಯಿತು. ಮೋಟಾರ್ ಟ್ರಿಮ್ಮರ್ ಅಂದವನ ಮುಂದೆಯೇ ಐವತ್ತು ಕೇಸ್ ಅಳೆದು ತೋರಿಸಿದೆ. ಎಲ್ಲವೂ 1.750ರ ಅಕ್ಕಪಕ್ಕ, ಒಂದೆರಡು ಸಾವಿರಾಂಶದೊಳಗೆ. ಅವನು ತನ್ನ ಕ್ಯಾಲಿಪರ್ ತಂದು ಮತ್ತೆ ಅಳೆದ!

ಸ್ಪೀಡ್ ಕಡಿಮೆ ಇರಲಿ. ಜೋರಾದರೆ ಬಾಯಿ ಅಲೆ ಅಲೆಯಾಗುತ್ತದೆ. ಒಳಬಾಯಿಯನ್ನು ಚಾಕುವಿನ ಅಲಗಿನಷ್ಟು ತೆಳ್ಳಗೆ ಕೆರೆದು ನಾನು ಮೂವತ್ತೋ ನಲವತ್ತೋ ಕೇಸ್ ಹಾಳು ಮಾಡಿದ್ದೇನೆ. ಇನ್ನೂ ಚಿಕ್ಕದಾಗಿ ಕಡಿದರೆ ಮತ್ತೆ ಮತ್ತೆ ಟ್ರಿಮ್ ಮಾಡುವ ಕೆಲಸ ತಪ್ಪುತ್ತದೆ ಅಂತ ದುರಾಸೆಯಿಂದ ಪಿನ್ನಿನ ತುದಿಯನ್ನು ಅರದಲ್ಲಿ ಉಜ್ಜಿದೆ. 1.735ಕ್ಕೆ ಇಳಿದು ತೀರಾ ಗಿಡ್ಡವಾಯಿತು. ಹೊಸ ಪಿನ್ ತರಿಸಬೇಕಾಯಿತು. ಕಟರಿಗೆ ನಾನು ಮಾಡಿಕೊಂಡ ಮರದ ಹಿಡಿಯಿಂದಲೇ ನಿಮಿಷಕ್ಕೆ ಎರಡಿದ್ದದ್ದು ನಾಲ್ಕೈದಕ್ಕೆ ಏರಿದ್ದು. ಅದರ ಅಳತೆ ಮಾತ್ರ ಸದ್ಯಕ್ಕೆ ಹೇಳುವುದಿಲ್ಲ.

ನಡುವೆ ಅತ್ತೆ ಊರಿಂದ ಬಂದಿದ್ದರು. ಕೇಸುಗಳನ್ನು ನೋಡಿ, "ಹಿತ್ತಾಳೆಗೆ ಸೋಪು ಯಾಕಪ್ಪಾ, ಹುಣಸೆಹಣ್ಣು ಹಾಕು" ಅಂದರು. ಹೇಗೂ ರೀಲೋಡ್ ಮಾಡುವ ಬಹಳ ಜನ ಕೇಸ್ ತೊಳೆಯಲು ನಿಂಬೆ ಹುಳಿ (ಸಿಟ್ರಿಕ್ ಆಮ್ಲ) ಹಾಕುತ್ತಾರಲ್ವಾ? ಕಿವುಚಿ, ಸೋಸಿ, ಹತ್ತು ನಿಮಿಷ ನೆನೆಸಿದೆ. ದೇವರ ದೀಪದ ಹಾಗೆ ಹೊಳೆದವು. ಎರಡನೇ ಸಲ ಮರೆತು ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಎಲ್ಲ ಗುಲಾಬಿ ಬಣ್ಣ, ಹುಳಿಗೆ ಸತು ಬಿಟ್ಟುಹೋಗಿತ್ತು. ಅರವತ್ತು ಕೇಸ್ ಗುಜರಿಗೆ ಹೋದವು. ಅತ್ತೆ ಮುಂದೆ ಬಾಯಿ ಬಿಡಲಿಲ್ಲ.

ಹೆಂಡತಿಯ ದೂರು ಒಂದೇ, ಹಿತ್ತಾಳೆ ಚೂರು ಕಾಲುಚೀಲಕ್ಕೆ ಅಂಟಿಕೊಂಡು ಹಾಸಿಗೆವರೆಗೆ ಬರುತ್ತದೆ. ಈಗ ಗ್ಯಾರೇಜಿಗೇ ಬೇರೆ ಚಪ್ಪಲಿ ಇಟ್ಟಿದ್ದೇನೆ.

ಈಗ ಇನ್ನೂ ದೊಡ್ಡ ತೋಟಾ .308ರ ಪಿನ್ ತರಿಸಿದ್ದೇನೆ, ಕೇಸನ್ನು 2.005 ಇಂಚಿಗೆ ಇಳಿಸಬೇಕು. ಕೇಸ್ ದಪ್ಪ, ಹಳೇ ಡ್ರಿಲ್ಲಿನ ಬ್ಯಾಟರಿ ನಲವತ್ತು ದಾಟುವಷ್ಟರಲ್ಲಿ ಸುಸ್ತು. ವೈರಿನ ಡ್ರಿಲ್ ಒಂದು ಸೆಕೆಂಡ್ ಹ್ಯಾಂಡ್ ಹುಡುಕುತ್ತಿದ್ದೇನೆ, ಹದಿನೈದು ಡಾಲರಿಗಿಂತ ಜಾಸ್ತಿ ಕೊಡುವುದಿಲ್ಲ.